ಕರೆದವನ ಹೊಣೆ

ಹುಬ್ಬಳ್ಳಿ-ಗದಗ ಹೆದ್ದಾರಿಯ ಶಿರಗುಪ್ಪಿಯಂತಹ ಊರುಗಳ ಕುಟುಂಬಗಳಿಗೆ ಯುಗಾದಿ, ದೀಪಾವಳಿಗಳ ಜವಳಿ ಎಂದರೆ ಹುಬ್ಬಳ್ಳಿಯ ಪೇಟೆಯೇ. ಹಿಂದಿನ ಜವಳಿ ಅಂಗಡಿಯಲ್ಲಿ ವರ್ತಕನು ಗಾದಿಯ ಮೇಲೆ, ಗಿರಾಕಿಯು ಎದುರಿನ ಹಾಸಿನ ಮೇಲೆ ಕುಳಿತು ವ್ಯವಹರಿಸುತ್ತಿದ್ದರು. ಹತ್ತು ಜನ ಕುಳಿತರೆ ಅಂಗಡಿ ತುಂಬಿತು. ಹನ್ನೊಂದನೆಯವನು ಕಟ್ಟೆಯ ಮೇಲೆ ಕಾಯಬೇಕಾಗಿತ್ತು. ಇಂದು ಅಂತಸ್ತುಗಳ ಮೇಲೆ ಅಂತಸ್ತುಗಳು, ಗಿರಾಕಿಯೇ ಕೈಯಾರೆ ಆರಿಸಿಕೊಳ್ಳುವ ಕಪಾಟುಗಳು. ಶುಭಕಾರ್ಯಗಳಿಲ್ಲದೆ ವ್ಯಾಪಾರ ಮಂದವಾಗಿದ್ದ ಆಷಾಢಮಾಸವೂ ‘ಆಷಾಢ ಸೇಲ್’ ಆಗಿ ಮಾರ್ಪಟ್ಟಿದೆ. ಐವತ್ತು ಜನ ನುಸುಳಬಲ್ಲ ಬಾಗಿಲಿಗೆ ಜಾಹೀರಾತಿನ ಮೂಲಕ ಐನೂರು ಜನರನ್ನು ಕರೆಯುವುದು ವಾಣಿಜ್ಯದ ಜಾಣ್ಮೆ ಎನಿಸಿಕೊಂಡಿದೆ. ಆ ನೂಕುನುಗ್ಗಲಿನಲ್ಲಿ ಒಬ್ಬರು ಬಿದ್ದು ಕಾಲು ಮುರಿದುಕೊಂಡರೆ, ಅಥವಾ ಪ್ರಾಣವನ್ನೇ ಕಳೆದುಕೊಂಡರೆ, ಹೊಣೆ ಯಾರದು? ಈ ಪ್ರಶ್ನೆಗೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ.

ಧಾರವಾಡ ಜಿಲ್ಲೆಯು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1827ರ ಎಲ್ಫಿನ್‌ಸ್ಟನ್ ಸಂಹಿತೆಯು ಲಿಖಿತ ಕಾನೂನಾಗಲಿ ರೂಢಿಯಾಗಲಿ ಇಲ್ಲದೆಡೆ ನ್ಯಾಯ, ಸಮಾನತೆ ಮತ್ತು ಸದಸದ್ವಿವೇಕಗಳ ಮೇರೆಗೆ ತೀರ್ಪು ನೀಡಬೇಕೆಂದು ವಿಧಿಸಿತ್ತು. ಈ ಮಾತಿಗೆ ‘ಭಾರತದ ಪರಿಸ್ಥಿತಿಗೆ ಒಗ್ಗುವ ಇಂಗ್ಲಿಷ್ ಕಾನೂನು’ ಎಂಬ ಅರ್ಥವನ್ನು ಪ್ರಿವಿ ಕೌನ್ಸಿಲ್ 1887ರಲ್ಲಿ ಸ್ಥಿರಪಡಿಸಿತು. ಹೀಗಾಗಿ ಲಂಡನ್ನಿನ ಒಂದು ಸಕ್ಕರೆ ಕಾರ್ಖಾನೆಯ ಪ್ರಕರಣವು ನಮ್ಮ ಪೇಟೆಗಳಿಗೂ ಅನ್ವಯಿಸುವಂತಾಯಿತು.

ಅದು 1866ರ ‘ಇಂಡರ್ಮಾರ್ ವಿರುದ್ಧ ಡೇಮ್ಸ್’ ಮೊಕದ್ದಮೆ. ಗ್ಯಾಸಿನ ಉಪಕರಣ ಪರೀಕ್ಷಿಸಲು ಬಂದ ಕೆಲಸಗಾರನೊಬ್ಬನು ಕಾರ್ಖಾನೆಯ ಮೇಲಂತಸ್ತಿನಲ್ಲಿ ಕಟಕಟೆಯಿಲ್ಲದ ಕಂಡಿಯೊಂದರಿಂದ ಕೆಳಗೆ ಬಿದ್ದನು. ಮಾಲಕನ ವ್ಯವಹಾರದ ನಿಮಿತ್ತ ಒಳಗೆ ಬಂದವನನ್ನು, ಮಾಲಕನಿಗೆ ತಿಳಿದಿರುವ ಅಥವಾ ತಿಳಿದಿರಬೇಕಾದ ಅಪಾಯದಿಂದ ಕಾಪಾಡಲು ಯುಕ್ತ ಎಚ್ಚರ ವಹಿಸುವುದು ಮಾಲಕನ ಕರ್ತವ್ಯವೆಂದು ನ್ಯಾಯಮೂರ್ತಿ ವಿಲ್ಸ್ ತೀರ್ಮಾನಿಸಿದರು. ಅಂಗಡಿಯ ಗಿರಾಕಿಯೂ ಇದೇ ವರ್ಗಕ್ಕೆ ಸೇರಿದವನು. ಅವನು ಸರಕು ಕೊಂಡನೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಹೊಣೆ ಹುಟ್ಟುವುದು ರಸೀದಿಯಿಂದಲ್ಲ, ಕರೆಯಿಂದ. ಈ ಸೂಕ್ಷ್ಮವನ್ನು ವರ್ತಕರಲ್ಲಿ ಬಹುಮಂದಿ ಇನ್ನೂ ಗ್ರಹಿಸಿದಂತಿಲ್ಲ.

ನೂರು ವರ್ಷಗಳ ತರುವಾಯ ಇದೇ ತತ್ತ್ವವು ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ಟೆಸ್ಕೋ ಎಂಬ ದೊಡ್ಡ ಮಳಿಗೆಯ ನೆಲದ ಮೇಲೆ ಚೆಲ್ಲಿದ್ದ ಮೊಸರಿನಲ್ಲಿ ಮಹಿಳೆಯೊಬ್ಬಳು ಜಾರಿ ಬಿದ್ದಳು. ದಿನಕ್ಕೆ ಐದಾರು ಬಾರಿ ನೆಲ ಗುಡಿಸುತ್ತೇವೆ, ಮೊಸರು ಚೆಲ್ಲಿ ಎಷ್ಟು ಹೊತ್ತಾಗಿತ್ತೆಂದು ಆಕೆಯೇ ಸಿದ್ಧಪಡಿಸಲಿ ಎಂಬುದು ಮಳಿಗೆಯ ವಾದ. ನೆಲ ಮಾಲಕನ ಅಧೀನದಲ್ಲಿರುವುದರಿಂದ ಎಚ್ಚರ ವಹಿಸಿದ್ದೆವೆಂದು ತೋರಿಸಬೇಕಾದವನು ಅವನೇ ಎಂದು 1976ರಲ್ಲಿ ಅಪೀಲು ನ್ಯಾಯಾಲಯದ ಬಹುಮತದ ತೀರ್ಪು ಬಂದಿತು. ಪರಿಹಾರದ ಮೊತ್ತ ಕೇವಲ 137 ಪೌಂಡ್ 50 ಪೆನ್ಸ್. ತತ್ತ್ವದ ಬೆಲೆ ಅದಕ್ಕಿಂತ ಬಹಳ ದೊಡ್ಡದು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಸೇರಿಸಿರುವುದು ಇಲ್ಲಿ ನೆನಪಿಗೆ ಬರುತ್ತದೆ. ಕೊಲ್ಲುವ ಸಂಕಲ್ಪವಿರಲಿಲ್ಲ ಎಂಬ ಮಾತ್ರದಿಂದ ಅಲ್ಲಿ ಬಿಡುಗಡೆಯಿಲ್ಲ. ಎಚ್ಚರ ತಪ್ಪಿದ್ದೇ ದೋಷ. ನ್ಯಾಯಾಲಯಗಳು ‘ನಿರ್ಲಕ್ಷ್ಯ’ ಎನ್ನುವುದಕ್ಕೆ ಇದು ತೀರ ದೂರದ ಮಾತಲ್ಲ.

ಮೊಸರು ಚೆಲ್ಲಿದ್ದನ್ನು ಒರೆಸಬಹುದು. ಆದರೆ ಗುಂಪೇ ಅಪಾಯವಾದಾಗ? 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲೆಂಡ್ ಪಟ್ಟಣದ ವಿಕ್ಟೋರಿಯಾ ಸಭಾಂಗಣದಲ್ಲಿ ಮಕ್ಕಳ ಪ್ರದರ್ಶನವೊಂದು ಮುಗಿಯುತ್ತಿದ್ದಂತೆ ವೇದಿಕೆಯಿಂದ ಬಹುಮಾನ ಹಂಚಲಾಯಿತು. ಮೇಲಂತಸ್ತಿನ ಮಕ್ಕಳು ತಮಗೆ ಸಿಗಲಾರದೆಂಬ ಆತುರದಿಂದ ಮೆಟ್ಟಿಲಿಳಿದು ಧಾವಿಸಿದರು. ಕೆಳಗಿನ ಬಾಗಿಲನ್ನು ಒಬ್ಬೊಬ್ಬರೇ ದಾಟುವಷ್ಟು ಮಾತ್ರ ತೆರೆದು ಅಗುಳಿ ಹಾಕಲಾಗಿತ್ತು. ಅಲ್ಲಿ ಉಸಿರುಕಟ್ಟಿ ಸತ್ತ ಮಕ್ಕಳು 183. ಉಚಿತ ಕಾಣಿಕೆಯ ಆಮಿಷ, ಕಿರಿದಾದ ದಾರಿ, ಎಣಿಕೆಯಿಲ್ಲದ ಜನ, ಈ ಮೂರೂ ಕೂಡಿದರೆ ಏನಾಗುವುದೆಂದು ಲೋಕಕ್ಕೆ ಅಂದೇ ತಿಳಿದಿತ್ತು.

ಆದರೂ 2008ರ ನವೆಂಬರ್ 28ರ ಬೆಳಗಿನ ಜಾವ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಲ್‌ಮಾರ್ಟ್ ಮಳಿಗೆಯೊಂದರ ಮುಂದೆ ಹಬ್ಬದ ರಿಯಾಯಿತಿಗಾಗಿ ಸುಮಾರು ಎರಡು ಸಾವಿರ ಜನ ಸೇರಿದರು. ಐದು ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೆ ಅದು ಮುರಿದೇ ಹೋಯಿತು. 34 ವರ್ಷದ ನೌಕರನೊಬ್ಬ ಗುಂಪಿನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತನು. ಕಾರ್ಮಿಕ ಸುರಕ್ಷತಾ ಇಲಾಖೆ ವಿಧಿಸಿದ ದಂಡ ಏಳು ಸಾವಿರ ಡಾಲರು, ಆ ಕಂಪನಿಗೆ ಅದೊಂದು ಲೆಕ್ಕವೇ ಅಲ್ಲ. ಆದರೂ ಕಂಪನಿ ಅದನ್ನು ವರ್ಷಗಟ್ಟಲೆ ಪ್ರತಿಭಟಿಸಿತು. ಗಿರಾಕಿಗಳ ಗುಂಪು ಒಂದು ‘ಗೊತ್ತಿರುವ ಅಪಾಯ’ವಲ್ಲ ಎಂಬುದು ಅದರ ನಿಲುವು. 2011ರಲ್ಲಿ ನ್ಯಾಯಾಧೀಶರು ದಂಡವನ್ನು ಎತ್ತಿಹಿಡಿದರು. 2015ರಲ್ಲಿ ಕಂಪನಿ ತನ್ನ ಅಪೀಲನ್ನು ಹಿಂತೆಗೆದುಕೊಂಡಿತು. ಏಳು ಸಾವಿರಕ್ಕಾಗಿ ಇಷ್ಟು ಹೋರಾಟವೇಕೆ? ಗುಂಪನ್ನು ಕರೆದವನೇ ಗುಂಪನ್ನು ನಿಭಾಯಿಸಬೇಕೆಂದು ಒಮ್ಮೆ ಒಪ್ಪಿದರೆ ಪ್ರತಿವರ್ಷದ ಪ್ರತಿ ಸೇಲಿಗೂ ಆ ಖರ್ಚು ತಗಲುತ್ತದೆ. ಲೆಕ್ಕ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಗಡಿಗೆ ಸಮೀಪದ ತಮಿಳುನಾಡಿನ ವಾಣಿಯಂಬಾಡಿಯಲ್ಲಿ 2023ರ ಫೆಬ್ರವರಿ 4ರಂದು ಉಚಿತ ಸೀರೆಯ ಟೋಕನ್ನಿಗಾಗಿ ನುಗ್ಗಿದ ಜನಸಂದಣಿಯಲ್ಲಿ ನಾಲ್ವರು ಮಹಿಳೆಯರು ಮೃತರಾದರು. ದಾನವೆಂದರೂ ವ್ಯಾಪಾರವೆಂದರೂ ಎಚ್ಚರದ ಕರ್ತವ್ಯದಲ್ಲಿ ಭೇದವಿಲ್ಲ. ಬಸದಿಗಳ ಟ್ರಸ್ಟುಗಳೂ ಇದನ್ನು ತಮಗೆ ಸಂಬಂಧವಿಲ್ಲದ್ದೆಂದು ಭಾವಿಸುವಂತಿಲ್ಲ: 2025ರ ಜನವರಿ 28ರಂದು ಉತ್ತರ ಪ್ರದೇಶದ ಬಡೌತ್‌ನಲ್ಲಿ ನಿರ್ವಾಣ ಲಾಡು ಉತ್ಸವದ ವೇಳೆ ಮರದ ತಾತ್ಕಾಲಿಕ ಅಟ್ಟಣೆ ಕುಸಿದು ಏಳು ಜನ ಶ್ರಾವಕರು ಅಸುನೀಗಿದರು.

ಧಾರವಾಡದವರಿಗಂತೂ ದೂರದ ದೃಷ್ಟಾಂತಗಳ ಅಗತ್ಯವೇ ಇಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ನಿರ್ಮಾಣದ ಹಂತದಲ್ಲಿದ್ದ ವಾಣಿಜ್ಯ ಕಟ್ಟಡವು ಕುಸಿದು 19 ಜನ ಸತ್ತರು. ಮೇಲೆ ಗಾರೆಗೆಲಸ ನಡೆಯುತ್ತಿದ್ದಂತೆಯೇ ಕೆಳಗೆ ಅಂಗಡಿಗಳು ತೆರೆದಿದ್ದವು. ಅಲ್ಲಿ ನೂಕುನುಗ್ಗಲಿರಲಿಲ್ಲ, ಸೇಲೂ ಇರಲಿಲ್ಲ. ಕಟ್ಟಡ ಮುಗಿಯುವ ಮೊದಲೇ ಬಾಡಿಗೆ ಬರಲಿ ಎಂಬ ಆತುರ ಮಾತ್ರ ಇದ್ದಿತು.

ಭಾರತದಲ್ಲಿ ಇಂಗ್ಲೆಂಡಿನ 1957ರ ಕಾಯಿದೆಯಂತೆ ಕಟ್ಟಡದ ಅನುಭೋಗದಾರರ ಹೊಣೆಗೆಂದೇ ಪ್ರತ್ಯೇಕ ಶಾಸನವಿಲ್ಲ. ಮೃತರ ಅವಲಂಬಿತರಿಗೆ 1855ರ ಮಾರಕ ಅಪಘಾತಗಳ ಕಾಯಿದೆ ದಾವೆಯ ಹಕ್ಕನ್ನು ಕೊಟ್ಟಿದೆ. ಉಳಿದದ್ದು ತೀರ್ಪುಗಳಿಂದ ಬೆಳೆದದ್ದು. ದಿಲ್ಲಿಯ ಚಾಂದನಿ ಚೌಕದ ಹಳೆಯ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ, ಕುಸಿತವೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂದಿತು. 1997ರ ಜೂನ್ 13ರಂದು 59 ಜನರನ್ನು ಬಲಿತೆಗೆದುಕೊಂಡ ದಿಲ್ಲಿಯ ಉಪಹಾರ್ ಚಿತ್ರಮಂದಿರದ ಪ್ರಕರಣವು ವರ್ತಕರಿಗೆ ಇನ್ನೂ ಹತ್ತಿರದ್ದು. ಅಲ್ಲಿ ಹೆಚ್ಚುವರಿ ಸೀಟುಗಳಿಗಾಗಿ ಹೊರಹೋಗುವ ಹಾದಿಯನ್ನು ಮುಚ್ಚಲಾಗಿತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಹಾರದ ಶೇ. 85 ಭಾಗವನ್ನು ಮಾಲಕರ ಮೇಲೂ, 15 ಭಾಗವನ್ನು ವಿದ್ಯುತ್ ಮಂಡಳಿಯ ಮೇಲೂ ಹೊರಿಸಿತು. ಇಪ್ಪತ್ತು ವರ್ಷ ಮೀರಿದ ಮೃತರಿಗೆ ಹತ್ತು ಲಕ್ಷ, ಕಿರಿಯರಿಗೆ ಏಳೂವರೆ ಲಕ್ಷ ರೂಪಾಯಿ. ಇದರ ಮೇಲೆ ಆ ಹೆಚ್ಚುವರಿ ಸೀಟುಗಳ ಗಳಿಕೆಯನ್ನು ಗಮನಿಸಿ 25 ಲಕ್ಷದ ದಂಡರೂಪದ ಪರಿಹಾರ. ಹೈಕೋರ್ಟು ವಿಧಿಸಿದ್ದ ಮೊತ್ತ ಇದಕ್ಕಿಂತ ಬಹಳ ಹೆಚ್ಚಿನದಾಗಿತ್ತು. ಅದನ್ನು ಇಳಿಸಿದ್ದು ಅನೇಕರಿಗೆ ಸಮ್ಮತವಾಗಲಿಲ್ಲ. ಆದರೆ ದಾರಿ ಮುಚ್ಚಿ ಗಳಿಸಿದ ಲಾಭವು ವರ್ತಕನ ಕೈಯಲ್ಲಿ ಉಳಿಯಬಾರದೆಂಬ ತತ್ತ್ವ ಮಾತ್ರ ಅಳಿಯಲಿಲ್ಲ.

‘ಮಾಲಕರು ಜವಾಬ್ದಾರರಲ್ಲ’ ಎಂಬ ಫಲಕವನ್ನು ತೂಗುಹಾಕಿ ನಿಶ್ಚಿಂತರಾಗುವವರಿದ್ದಾರೆ. ಹೋಟೆಲಿನವರ ವಶಕ್ಕೆ ಕೊಟ್ಟ ಕಾರು ಕಳುವಾದ ಪ್ರಕರಣದಲ್ಲಿ, ತನ್ನದೇ ನಿರ್ಲಕ್ಷ್ಯಕ್ಕೆ ಇಂತಹ ಬರಹವು ರಕ್ಷೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಹೇಳಿದೆ. ಕಾರಿಗೆ ಸಲ್ಲದ ರಕ್ಷೆ ಗಿರಾಕಿಯ ಕೈಕಾಲುಗಳ ವಿಷಯದಲ್ಲಿ ಸಲ್ಲುವುದೆಂದು ನಂಬುವುದು ಕಷ್ಟ. ಇನ್ನು ವಿಮೆಯ ಮಾತು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆಯ ಹೆಸರು ಕೇಳಿ ಮೋಸಹೋಗಬಾರದು. ಅದು ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ ಮಾತ್ರ ಕಡ್ಡಾಯ. ಜವಳಿ ಅಂಗಡಿಯವನು ಗಿರಾಕಿಗಳ ಸಲುವಾಗಿ ಬೇರೆಯೇ ಪಾಲಿಸಿ ತೆಗೆದುಕೊಳ್ಳಬೇಕು. ಬೆಂಕಿವಿಮೆಯ ಪಾಲಿಸಿಯಲ್ಲಿ ದಾಸ್ತಾನಿನ ಸೀರೆಗಳ ಬೆಲೆ ನಮೂದಾಗಿರುತ್ತದೆ. ಅವುಗಳನ್ನು ನೋಡಲು ಬಂದವರ ಲೆಕ್ಕ ಅದರಲ್ಲಿ ಇರುವುದಿಲ್ಲ.