ಲೋಹದ ದಣಿವು: ರೈಲಿನ ಇರುಸಿನಿಂದ ಪರಮಾಣು ಸ್ಥಾವರದ ಕೊಳವೆಯವರೆಗೆ

ಒಮ್ಮೆ ಹೊರಿಸಿದರೆ ಲೋಹವು ಸುಲಭವಾಗಿ ತಾಳಬಲ್ಲ ಹೊರೆಯನ್ನೇ ಸಾವಿರಾರು ಸಲ ಹೊರಿಸಿ ಇಳಿಸಿದರೆ ಅದರಲ್ಲಿ ಬಿರುಕು ಹುಟ್ಟಿ ಬೆಳೆಯುವುದುಂಟು. ಇದನ್ನು ಲೋಹದ ದಣಿವು ಎನ್ನುತ್ತೇವೆ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲುಯಂತ್ರದ ಇರುಸು ಮುರಿದು ಸಂಭವಿಸಿದ ದುರಂತವು ವಿದ್ವಾಂಸರ ಗಮನವನ್ನು ಇತ್ತ ಸೆಳೆಯಿತು. ಅನಂತರ ಪ್ರಷ್ಯದ ಆಗಸ್ಟ್ ವೋಲರನು ಇರುಸುಗಳ ಮೇಲೆ ದೀರ್ಘಕಾಲ ಪ್ರಯೋಗ ನಡೆಸಿ, ಒಂದು ಮಿತಿಗಿಂತ ಕೆಳಗಿನ ಹೊರೆಯನ್ನು ಉಕ್ಕು ಎಷ್ಟು ಸಲವಾದರೂ ತಾಳುವಂತೆ ಕಾಣುತ್ತದೆಂದು ತೋರಿಸಿದನು. ಈ ಮಿತಿ ಲೋಹದ ಸ್ವಂತ ಗುಣವೇ, ಇಲ್ಲವೆ ಅದು ಇರುವ ಸನ್ನಿವೇಶಕ್ಕೆ ಅಧೀನವೇ? ಪರಮಾಣು ಸ್ಥಾವರಗಳ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯಿತೆಂದು ನಾವು ಭಾವಿಸುತ್ತೇವೆ.

ತುಕ್ಕನ್ನು ತಡೆಯುವ ಗುಣದಿಂದಾಗಿ ಸ್ಟೇನ್‌ಲೆಸ್ ಉಕ್ಕು ಅನೇಕ ಸ್ಥಾವರಗಳ ಕೊಳವೆಗಳಿಗೆ ಆಯ್ಕೆಯಾಯಿತು. ಆದರೆ ಸಾಮಾನ್ಯ ಉಕ್ಕಿಗೆ ಹೋಲಿಸಿದರೆ ಅದು ಶಾಖವನ್ನು ಸುಮಾರು ಮೂರನೆಯ ಒಂದು ಪಾಲಿನಷ್ಟೇ ಸಾಗಿಸುತ್ತದೆ. ಕಾಯಿಸಿದಾಗ ಸುಮಾರು ಒಂದೂವರೆಯಷ್ಟು ಹಿಗ್ಗುತ್ತದೆ. ನೀರಿನ ಉಷ್ಣತೆ ಥಟ್ಟನೆ ಬದಲಾದಾಗ ಕೊಳವೆಯ ಒಳಮೈ ಹಿಗ್ಗಲು ಯತ್ನಿಸುತ್ತದೆ. ಇನ್ನೂ ಕಾಯದ ಉಳಿದ ಭಾಗವು ಅದನ್ನು ತಡೆಯುತ್ತದೆ. 1954ರ ಸುಮಾರಿಗೆ ಅಮೆರಿಕದಲ್ಲಿ ಕಾಫಿನ್ ಮತ್ತು ಮ್ಯಾನ್ಸನ್ ಎಂಬುವರು ಇಂತಹ ದಣಿವಿನ ನಿಯಮವನ್ನು ಬೇರೆಬೇರೆಯಾಗಿ ಕಂಡುಕೊಂಡರು. ಕಾಫಿನ್ ಸ್ಟೇನ್‌ಲೆಸ್ ಉಕ್ಕಿನ ಕೊಳವೆಗಳ ತುದಿಗಳನ್ನು ಬಿಗಿದು, ಮತ್ತೆ ಮತ್ತೆ ಕಾಯಿಸಿ ತಣಿಸಿ ಪರೀಕ್ಷಿಸಿದ್ದನು.

1963ರಲ್ಲಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘವು ಪರಮಾಣು ಪಾತ್ರೆಗಳಿಗೆ ವಿನ್ಯಾಸ ನಿಯಮಗಳನ್ನು ಪ್ರಕಟಿಸಿತು. ಅದರ ದಣಿವಿನ ರೇಖೆಗೆ ಆಧಾರವಾದದ್ದು ಗಾಳಿಯಲ್ಲಿ ಚಿಕ್ಕ, ನುಣುಪಾದ ತುಂಡುಗಳ ಮೇಲೆ ನಡೆದ ಪರೀಕ್ಷೆ. ಕೊರತೆಯನ್ನು ತುಂಬಲು ಹೊರೆಗೆ 2, ಆವರ್ತನೆಗಳಿಗೆ 20 ಎಂಬ ಗುಣಕಗಳನ್ನು ಇಟ್ಟು, ಹೆಚ್ಚು ಸುರಕ್ಷಿತವಾದುದನ್ನು ಆರಿಸಿಕೊಂಡರು. ಫಲಿತಾಂಶಗಳ ಏರುಪೇರಿಗೆ 2, ಗಾತ್ರಕ್ಕೆ 2.5, ಮೇಲ್ಮೈಯ ಒರಟುತನ ಹಾಗೂ ವಾತಾವರಣಕ್ಕೆ 4. ಇವುಗಳ ಗುಣಲಬ್ಧವೇ 20. ರಿಯಾಕ್ಟರಿನ ಬಿಸಿನೀರು ಈ ಲೆಕ್ಕದೊಳಗೆ ಬಂದಿರಲಿಲ್ಲ.

ಮೊದಲ ಎಚ್ಚರಿಕೆ ನೀರಿನ ಚಲನೆಯಿಂದಲೇ ಬಂದಿತು. 1997ರ ಕೊನೆಯಲ್ಲಿ ವಿದ್ಯುಜ್ಜಾಲಕ್ಕೆ ಸೇರಿದ ಫ್ರಾನ್ಸಿನ ಸಿವೋ ಸ್ಥಾವರದ ಒಂದನೆಯ ಘಟಕದಲ್ಲಿ, 1998ರ ಮೇ 12ರಂದು, ಸ್ಟೇನ್‌ಲೆಸ್ ಉಕ್ಕಿನ ಕೊಳವೆಯ ಬಾಗು ಬಿರಿದು ಗಂಟೆಗೆ ಸುಮಾರು 30 ಘನ ಮೀಟರ್ ನೀರು ಸೋರಿತು. ಬಿಸಿನೀರು ತಣ್ಣೀರು ಕೂಡುವೆಡೆಯಲ್ಲಿ ಉಷ್ಣತೆಯು ಎಡೆಬಿಡದೆ ಏರಿಳಿದುದೇ ಇದಕ್ಕೆ ಕಾರಣ. ಸ್ಥಾವರವನ್ನು ಎಷ್ಟು ಸಲ ನಡೆಸಿ ನಿಲ್ಲಿಸಿದರೆಂಬುದನ್ನು ಮಾತ್ರ ಎಣಿಸಿದರೆ ಈ ಸೂಕ್ಷ್ಮ ಏರಿಳಿತಗಳು ಕಾಣುವುದಿಲ್ಲ.

ಎರಡನೆಯ ಎಚ್ಚರಿಕೆ ಪ್ರಯೋಗಾಲಯದಿಂದ ಬಂದಿತು. ಜಪಾನ್ ಮತ್ತು ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಪರೀಕ್ಷೆಗಳಲ್ಲಿ, ರಿಯಾಕ್ಟರಿನಂತಹ ಬಿಸಿನೀರಿನಲ್ಲಿ ನಿಧಾನವಾಗಿ ಎಳೆದ ಉಕ್ಕು ಗಾಳಿಯಲ್ಲಿರುವುದಕ್ಕಿಂತ ಬಹು ಬೇಗ ಬಿರಿಯಿತು. ಸ್ಥಾವರಗಳ ದೀರ್ಘಾನುಭವದಲ್ಲಿ ಇಷ್ಟು ಹಾನಿ ಕಂಡಿಲ್ಲವೆಂಬ ಆಕ್ಷೇಪವೂ ಎದ್ದಿತು. ಆದರೂ 2007ರಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗವು ಹೊಸ ರಿಯಾಕ್ಟರುಗಳಿಗಾಗಿ ನೀರಿನ ಪ್ರಭಾವವನ್ನು ಪ್ರತ್ಯೇಕ ಗುಣಕವಾಗಿ ಎಣಿಸುವ ಮಾರ್ಗದರ್ಶಿಯನ್ನು ಹೊರಡಿಸಿತು.

ಆದುದರಿಂದ ದಣಿವಿನ ಮಿತಿಯು ಲೋಹವೊಂದರ ಸೊತ್ತಲ್ಲ; ಲೋಹ, ಶಾಖ, ನೀರು, ಕಾಲ ಇವೆಲ್ಲವೂ ಕೂಡಿ ಅದನ್ನು ನಿರ್ಧರಿಸುತ್ತವೆ. ಪಠ್ಯದಲ್ಲಿ ಅಚ್ಚಾದ ರೇಖೆಯನ್ನು ಉಪಯೋಗಿಸುವ ಮುನ್ನ ಅದು ಯಾವ ಸನ್ನಿವೇಶದಲ್ಲಿ ಎಳೆದ ರೇಖೆಯೆಂದು ವಿಚಾರಿಸುವುದು ವಿದ್ಯಾರ್ಥಿಯ ಮೊದಲ ಕರ್ತವ್ಯ.