ಮನೆಯ ವಿನ್ಯಾಸದಲ್ಲಿ ವಾಸ್ತುಶಿಲ್ಪಿ (ಹಾರೂಗೇರಿ ಸೀಮೆ)

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಹಾರೂಗೇರಿ ಮತ್ತು ನೆರೆಯ ಚಿಕ್ಕೋಡಿ, ಅಥಣಿ, ಕಾಗವಾಡ, ನಿಪ್ಪಾಣಿ ಸೀಮೆಯ ಹಳೆಯ ಮನೆಗಳನ್ನು ರೂಪಿಸಿದವರು ಗೌಂಡಿ, ಬಡಿಗ ಮತ್ತು ಮನೆಯ ಹಿರಿಯರು. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ, ಒಳಗೆ ಪಡಸಾಲೆ. ಬೇಸಿಗೆಯ ಧಗೆಯನ್ನು ಹೊರಗೇ ನಿಲ್ಲಿಸುತ್ತಿದ್ದ ಈ ಕಟ್ಟುವಿಕೆಗೆ ಕಾಗದದ ನಕ್ಷೆ ಇರಲಿಲ್ಲ. ಆದರೂ ಅದು ಪಕ್ವವಾದ ವಿನ್ಯಾಸವೇ ಹೌದು.

ಕಾಂಕ್ರೀಟ್ ಚಾವಣಿ ಬಂದ ಮೇಲೆ ಗೌಂಡಿ, ಬಡಿಗರ ಆ ಅನುಭವ ಹಿಂದೆ ಸರಿಯಿತು. ಸಣ್ಣ ಊರುಗಳಲ್ಲಿ ಈಗ ನಕ್ಷೆ ಬರೆಯುವವರು ಹೆಚ್ಚಾಗಿ ಸಿವಿಲ್ ಎಂಜಿನಿಯರ್‌ಗಳು, ಇಲ್ಲವೇ ಗುತ್ತಿಗೆದಾರರು. ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿತರಾದವರಿಗೆ ಮೀಸಲಿಡುತ್ತದೆಯೇ ಹೊರತು ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು.

ಎಂಜಿನಿಯರ್ ಮುಖ್ಯವಾಗಿ ಕಟ್ಟಡದ ಬಲವನ್ನು ಲೆಕ್ಕ ಹಾಕುತ್ತಾರೆ. ವಾಸ್ತುಶಿಲ್ಪಿ ಬಿಸಿಲಿನ ದಿಕ್ಕು, ಗಾಳಿಯ ಹಾದಿ, ಕುಟುಂಬದ ದಿನಚರಿ ನೋಡಿ ಕೋಣೆಗಳನ್ನು ಜೋಡಿಸುತ್ತಾರೆ. ವಿವರ ನಕ್ಷೆ, ಅಂದಾಜು ವೆಚ್ಚ, ಕೆಲಸದ ಮೇಲ್ವಿಚಾರಣೆಯೂ ಅವರದೇ. ರೈತನ ಮನೆಯಲ್ಲಿ ದನಕರು, ಕಾಳಿನ ಚೀಲ, ಟ್ರ್ಯಾಕ್ಟರ್‌ಗೂ ಜಾಗ ಬೇಕು. ನಗರದ ಮಾದರಿ ನಕ್ಷೆಗಳಲ್ಲಿ ಇವು ಕಾಣುವುದೇ ಇಲ್ಲ. ಪ್ರವಾಹದ ಭಯವೂ ಇಲ್ಲಿದೆ: 2005 ಮತ್ತು 2019ರಲ್ಲಿ ಕೃಷ್ಣಾ ನದಿ ಉಕ್ಕಿ ಈ ಭಾಗದ ನದಿತೀರದ ಹಳ್ಳಿಗಳ ಮನೆಗಳು ಕುಸಿದವು. ತಳಪಾಯದ ಎತ್ತರ, ನೀರು ತಾಳುವ ಗೋಡೆ, ನಿವೇಶನದ ಆಯ್ಕೆ ಇಂಥ ಕಡೆ ವಾಸ್ತುಶಿಲ್ಪಿಯ ಮೊದಲ ಕೆಲಸ.