ಡಿಸ್ಕ್ ತುಂಬುವ ಮುನ್ನ: ಯುನಿಕ್ಸ್ ಗಣಕಗಳಲ್ಲಿ ಪಾರ್ಟಿಷನ್ ಯೋಜನೆ

ಹಾರ್ಡ್‌ಡಿಸ್ಕನ್ನು ಪ್ರತ್ಯೇಕ ಭಾಗಗಳಾಗಿ ವಿಂಗಡಿಸುವುದಕ್ಕೆ ಪಾರ್ಟಿಷನ್ ಎಂದು ಹೆಸರು. ಹೊಲಕ್ಕೆ ಬದು ಹಾಕಿದಂತೆ. ಒಂದರ ನೀರು ಇನ್ನೊಂದಕ್ಕೆ ನುಗ್ಗದು. ಲಿನಕ್ಸ್ ಅಥವಾ ಬಿಎಸ್‌ಡಿ ಅಳವಡಿಸುವಾಗ ಇಡೀ ಡಿಸ್ಕನ್ನು ಒಂದೇ ಭಾಗವಾಗಿ ಬಿಡುವುದು ಸಾಮಾನ್ಯ. ಮನೆಯ ಗಣಕಕ್ಕೆ ಅಷ್ಟು ಸಾಕು. ಹತ್ತಾರು ಜನರ ದುಡಿಮೆಯನ್ನು ಕಾಪಿಡಬೇಕಾದ ಯಂತ್ರಕ್ಕೆ ಸಾಲದು.

ಡಿಸ್ಕ್ ತುಂಬುವ ಸಮಸ್ಯೆ ಯುನಿಕ್ಸ್‌ನಷ್ಟೇ ಹಳೆಯದು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪಿಡಿಪಿ-11 ಯಂತ್ರದ ಮೇಲೆ ಇದನ್ನು ಬೆಳೆಸುತ್ತಿದ್ದಾಗ, ವ್ಯವಸ್ಥೆಯ ಕಡತಗಳು ಮೊದಲ ಡಿಸ್ಕಿನಲ್ಲಿ ಹಿಡಿಸದೆ, ಬಳಕೆದಾರರ ಕಡತಗಳಿದ್ದ ಎರಡನೆಯ ಡಿಸ್ಕಿಗೆ ಹರಿದವು. ಇಂದಿಗೂ ಉಳಿದಿರುವ ‘ಯುಎಸ್ಆರ್’ ಎಂಬ ಕೋಶದ ಹೆಸರು ಆ ಇಕ್ಕಟ್ಟಿನ ಗುರುತು.

ಬೀದರ್ ಜಿಲ್ಲೆಯ ಬಸವಕಲ್ಯಾಣದ ಅಥವಾ ಹುಮನಾಬಾದಿನ ಗ್ರಂಥಾಲಯವೊಂದು ವಚನಗಳ ಹಳೆಯ ಪ್ರತಿಗಳನ್ನೋ, ಮಾಣಿಕನಗರದ ಮಾಣಿಕಪ್ರಭುಗಳ (1817-1865) ಭಕ್ತಿಪದಗಳ ಹಳೆಯ ಮುದ್ರಣಗಳನ್ನೋ ಗಣಕಕ್ಕೇರಿಸಲು ಹೊರಟಿದೆ ಎಂದುಕೊಳ್ಳೋಣ. ಜಾಗ ಎಷ್ಟು ಬೇಕು? ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ರಾಜ್ಯ ಸರ್ಕಾರದ ಸಮಗ್ರ ವಚನ ಸಂಪುಟ ಮಾಲೆಯಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ವಚನವೊಂದಕ್ಕೆ 500 ಸಂಕೇತ ಹಿಡಿದರೂ ಒಟ್ಟು 30 ಎಂಬಿ ಆಸುಪಾಸು. ಆದರೆ ಎ-4 ಅಳತೆಯ ಒಂದೇ ಪುಟವನ್ನು 300 ಡಿಪಿಐನಲ್ಲಿ, ಬಣ್ಣದಲ್ಲಿ, ಕುಗ್ಗಿಸದೆ ಸ್ಕ್ಯಾನ್ ಮಾಡಿದರೆ ಸುಮಾರು 26 ಎಂಬಿ! ಶರಣರ ಮಾತೆಲ್ಲ ಒಂದು ತೂಕವಾದರೆ, ಅದನ್ನು ಹೊತ್ತ ಒಂದು ಹಾಳೆಯ ಚಿತ್ರ ಹೆಚ್ಚುಕಡಿಮೆ ಅಷ್ಟೇ ತೂಕ. ಪಠ್ಯದಿಂದ ಡಿಸ್ಕ್ ತುಂಬದು, ಚಿತ್ರಗಳಿಂದ ತುಂಬುತ್ತದೆ.

ಈ ಚಿತ್ರಗಳು ರೂಟ್ ಭಾಗದಲ್ಲೇ ಇದ್ದು ಅದು ಭರ್ತಿಯಾದರೆ, ದತ್ತಸಂಚಯ ಬರೆಯುವುದನ್ನು ನಿಲ್ಲಿಸುತ್ತದೆ, ಉಳಿಸಿದ ಕಡತ ಶೂನ್ಯ ಬೈಟಾಗಿ ಉಳಿಯಬಹುದು, ಕೆಲವೊಮ್ಮೆ ಲಾಗಿನ್ ಕೂಡ ಆಗದು. ಮುಟ್ಟಿದರೆ ಪುಡಿಯಾಗುವ ಹಾಳೆಯನ್ನು ಮತ್ತೆ ಸ್ಕ್ಯಾನರಿನ ಮೇಲೆ ಹರಡುವ ಧೈರ್ಯ ಯಾರಿಗಿದೆ?

ಆದ್ದರಿಂದ ಊಹೆಗೆ ಸಿಗದಂತೆ ಬೆಳೆಯುವುದನ್ನೆಲ್ಲ ರೂಟ್‌ನಿಂದ ಹೊರಗಿಡಬೇಕು. 1 ಟಿಬಿ ಡಿಸ್ಕ್ ಗಣಕದ ಲೆಕ್ಕದಲ್ಲಿ ಸುಮಾರು 931 ಜಿಬಿ ಮಾತ್ರ. ಅದರಲ್ಲಿ ರೂಟ್‌ಗೆ 50, ಲಾಗ್ ಕಡತಗಳೂ ದತ್ತಸಂಚಯವೂ ಇರುವ ‘ವಾರ್’ಗೆ 40, ಸ್ವಾಪ್‌ಗೆ 8, ಸಿಬ್ಬಂದಿಯ ‘ಹೋಮ್’ಗೆ 100, ಸ್ಕ್ಯಾನ್ ಚಿತ್ರಗಳಿಗೆ 500 ಜಿಬಿ ಕೊಡಬಹುದು. ಕೊನೆಯದರಲ್ಲಿ ಸುಮಾರು 20,000 ಪುಟ ಹಿಡಿಸೀತು. ಉಳಿದ 230 ಜಿಬಿಯಷ್ಟನ್ನು ಯಾರಿಗೂ ಹಂಚಬಾರದು. ಈ ಲೇಖನದಲ್ಲಿ ನೆನಪಿಡಬೇಕಾದುದು ಇದೇ. ಎಲ್‌ವಿಎಂ ವ್ಯವಸ್ಥೆಯಲ್ಲಿ ಯಾವ ಭಾಗ ಬಿಗಿಯಾದರೂ, ಈ ಮೀಸಲಿನಿಂದ ಯಂತ್ರ ನಿಲ್ಲಿಸದೆ ಹಿಗ್ಗಿಸಬಹುದು. ಕುಗ್ಗಿಸುವುದು ಮಾತ್ರ ಕಷ್ಟ. ಎಕ್ಸ್ಟ್-4 ಭಾಗವನ್ನು ಬಳಕೆಯಿಂದ ಬಿಡಿಸಿಯೇ ಕುಗ್ಗಿಸಬೇಕು. ಎಕ್ಸ್‌ಎಫ್‌ಎಸ್ ಅನ್ನು ಕುಗ್ಗಿಸುವ ಆಸೆಯನ್ನೇ ಬಿಡುವುದು ಲೇಸು. ಮೊದಲೇ ಧಾರಾಳಿಯಾದವನಿಗೆ ಇಲ್ಲಿ ಶಿಕ್ಷೆ ಖಚಿತ.

ಎಕ್ಸ್ಟ್-4 ತಾನಾಗಿ ಶೇ. 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆ ಕಾದಿರಿಸುತ್ತದೆ. 500 ಜಿಬಿಯಲ್ಲಿ ಅದು 25 ಜಿಬಿ! ಚಿತ್ರಗಳ ಭಾಗದಲ್ಲಿ ಇದನ್ನು ‘ಟ್ಯೂನ್2ಎಫ್‌ಎಸ್’ ಆದೇಶದಿಂದ ಶೇ. 1ಕ್ಕೆ ಇಳಿಸಬಹುದು. ರೂಟ್ ಮತ್ತು ‘ವಾರ್’ಗಳಲ್ಲಿ ಮುಟ್ಟಬಾರದು.

ಜಾಗವಿದ್ದೂ ‘ಡಿಸ್ಕ್ ತುಂಬಿದೆ’ ಎಂಬ ಸಂದೇಶ ಬಂದರೆ ಐನೋಡ್‌ಗಳು ಮುಗಿದಿರಬಹುದು. ಪ್ರತಿ ಕಡತಕ್ಕೂ ಒಂದು ಐನೋಡ್ ಬೇಕು. ಎಕ್ಸ್ಟ್-4ರಲ್ಲಿ ಅವುಗಳ ಸಂಖ್ಯೆ ಭಾಗವನ್ನು ರೂಪಿಸುವಾಗಲೇ ನಿಗದಿಯಾಗುತ್ತದೆ. ‘ಡಿಎಫ್ -ಐ’ ಆದೇಶ ಇದನ್ನು ತೋರಿಸುತ್ತದೆ. ದೊಡ್ಡ ಚಿತ್ರಗಳ ಭಾಗಕ್ಕೆ ಈ ಭಯವಿಲ್ಲ, ಲಕ್ಷಗಟ್ಟಲೆ ಪುಟ್ಟ ಕಡತಗಳ ಭಾಗಕ್ಕಿದೆ.

ಇನ್ನೊಂದು ವಿಚಿತ್ರವೆಂದರೆ, ದೊಡ್ಡ ಲಾಗ್ ಕಡತವನ್ನು ಅಳಿಸಿದರೂ ಜಾಗ ಮರಳದಿರುವುದು. ಆ ಕಡತವನ್ನು ಯಾವುದೋ ತಂತ್ರಾಂಶ ತೆರೆದಿಟ್ಟುಕೊಂಡಿದ್ದರೆ, ಅದು ಕೈಬಿಡುವವರೆಗೂ ಜಾಗ ಬಿಡುಗಡೆಯಾಗದು. ‘ಎಲ್‌ಎಸ್‌ಒಎಫ್’ ಆದೇಶದಿಂದ ಅದು ಯಾವುದೆಂದು ಪತ್ತೆಹಚ್ಚಿ, ಆ ಸೇವೆಯನ್ನಷ್ಟೇ ಮರುಚಾಲನೆ ಮಾಡಿದರೆ ಸಾಕು. ಇಡೀ ಯಂತ್ರವನ್ನು ನಿಲ್ಲಿಸಬೇಕಿಲ್ಲ.